ತಗದಿಟ್ಟ ಫೋಟೋ

ಹೊಸ ಡಿಸ್ಟೆಂಪರಿನ ವಾಸನೆ ಮೂಗಿಗೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಗೋಡೆಯ ಬಣ್ಣದ ಮೇಲೆ ಸಿಟ್ಟು ಮಾಡಿಕೊಳ್ಳುವ ಹೆಂಗಸು ಜಗತ್ತಿನಲ್ಲಿ ನೀನೊಬ್ಬಳೇ ಎಂದು ನಮ್ಮ ಮನೆಯವರು ಚೇಷ್ಟೆ ಮಾಡುತ್ತಾರೆ. ಮಾಡಲಿ. ಹೋದ ವಾರ ಪರಿಚಯದವರ ಕೂಸಿನ ತೊಟ್ಟಿಲ ಕಾರ್ಯಕ್ಕೆಂದು ರೋಣದ ಆ ಮಂಗಲ ಕಾರ್ಯಾಲಯಕ್ಕೆ ಹೋಗಿದ್ದೆ. ಒಳಗೆ ಕಾಲಿಟ್ಟರೆ ಅದೇ ವಾಸನೆ. ಮದುವೆಯ ಹಂಗಾಮಿಗೆ ಮುಂಚೆ ಗೋಡೆಗಳಿಗೆಲ್ಲ ಮತ್ತೆ ಬಣ್ಣ ಬಳಿಸಿದ್ದರು. ಹೆಣ್ಣುಮಕ್ಕಳೆಲ್ಲ ತೊಟ್ಟಿಲ ಸುತ್ತ ಜೋಗುಳ ಹಾಡುತ್ತಿದ್ದರೆ ನಾನು ಗೋಡೆ ನೋಡುತ್ತ ನಿಂತುಬಿಟ್ಟೆ. ಮೂರು ವರ್ಷದ ಹಿಂದೆ ಇದೇ ಗೋಡೆಗಳ ಮೇಲೆ ನಾವು ಫೋಟೋ ತೂಗುಹಾಕಿದ್ದೆವು. ನಾವು ಎಂದರೆ ತಪ್ಪಾದೀತು. ಅವರು ತೂಗುಹಾಕಿದ್ದರು.

ರೋಣದಲ್ಲಿ ನನ್ನದೊಂದು ಫ್ಲೆಕ್ಸ್ ಮತ್ತು ಫೋಟೋ ಪ್ರಿಂಟಿಂಗ್ ಅಂಗಡಿ ಇದೆ. ಮುಖಂಡರ ಹುಟ್ಟುಹಬ್ಬದಿಂದ ಹಿಡಿದು ಅಜ್ಜಂದಿರ ಭಾವಪೂರ್ಣ ಶ್ರದ್ಧಾಂಜಲಿಯವರೆಗೆ ಊರಿನ ಎಲ್ಲ ಮುಖಗಳೂ ನನ್ನ ಮಶಿನ್ನಿನ ಹೊಟ್ಟೆಯೊಳಗಿಂದಲೇ ಹೊರಬರುತ್ತವೆ. ಬದುಕಿರುವವರನ್ನು ಬೆಳ್ಳಗೆ ಮಾಡಿಕೊಡಬೇಕು, ಸತ್ತವರ ಹಿಂದೆ ಬೆಳಕಿನ ಚಕ್ರ ಬಿಡಿಸಿಕೊಡಬೇಕು. ಅದು ನನ್ನ ಕಸುಬು. ಫೋಟೋ ಎಂದರೆ ಬರೀ ಇಷ್ಟೇ ಅಲ್ಲ ಎಂದು ನಂಬಿದ್ದ ಕೆಲವರು ರೋಣ, ನರಗುಂದ, ಗಜೇಂದ್ರಗಡ ಮೂರೂ ಊರು ಸೇರಿಸಿ ಆ ವರ್ಷ ಒಂದು ಬಳಗ ಕಟ್ಟಿದರು. ಈ ಭಾಗದ ಜನ ತಾವೇ ತೆಗೆದ ಫೋಟೋಗಳದೊಂದು ಪ್ರದರ್ಶನ ಮಾಡುವುದು, ಬಂದ ಫೋಟೋಗಳನ್ನು ತಿಳಿದವರು ಕೂತು ಆರಿಸುವುದು ಎಂದು ಠರಾಯಿಸಿದರು. ಶಿವರಾತ್ರಿ ಮುಗಿದು ಬಿಸಿಲು ಏರುತ್ತಿದ್ದ ಕಾಲ. ಹೊಲಗಳಲ್ಲಿ ಕಡಲೆ ರಾಶಿ ನಡೆದಿತ್ತು. ಊರ ಮೇಲೆಲ್ಲ ಹೊಟ್ಟಿನ ಧೂಳು ಹಾರಾಡುತ್ತಿತ್ತು. ನನಗೂ ಒಂದು ನಮೂನೆ ಹುರುಪು ಬಂದಿತ್ತು.

ಬಳಗದ ಅಧ್ಯಕ್ಷರು ನರಗುಂದದ ಕಾಳಿನ ವ್ಯಾಪಾರಿ. ಮಂಗಲ ಕಾರ್ಯಾಲಯವೂ ಅವರ ಬೀಗರದೇ ಆಗಿದ್ದರಿಂದ ಅವರೇ ಅಧ್ಯಕ್ಷರಾಗುವುದು ಸಹಜವೆಂದು ಎಲ್ಲರಿಗೂ ಅನ್ನಿಸಿತ್ತು. ಕಾರ್ಯದರ್ಶಿ ಮಹೇಶ, ಗಜೇಂದ್ರಗಡದ ಸೀರೆ ವ್ಯಾಪಾರಿ. ತಂದೆಯ ಕಾಲದಿಂದಲೂ ಕೈಮಗ್ಗದವರಿಗೆ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಮನೆತನ. ಕೆಟ್ಟವನಲ್ಲ. ಓಡಾಡುತ್ತಾನೆ, ನಗುನಗುತ್ತ ಮಾತಾಡುತ್ತಾನೆ, ಹೇಳಿದ್ದನ್ನು ತಕ್ಷಣ ಮಾಡುತ್ತಾನೆ. ಹೇಳಿದ್ದನ್ನು ತಕ್ಷಣ ಮಾಡುವವರ ಬಗ್ಗೆ ನನಗೆ ಆಗಿನಷ್ಟು ಗೌರವ ಈಗ ಇಲ್ಲ.

ಈ ಪ್ರದರ್ಶನಕ್ಕೆ ಫೋಟೋ ಕಳಿಸೆಂದು ನಾನು ಬೆನ್ನು ಹತ್ತಿದ್ದು ಕಸ್ತೂರಿಗೆ. ಅವಳ ತವರು ನರಗುಂದ. ಅವಳ ಅಣ್ಣ ಅಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದಾಗ ಅವನ ಜೊತೆ ನಿಂತೇ ಕ್ಯಾಮೆರಾ ಕಲಿತವಳು. ಅಣ್ಣ ಸ್ಟುಡಿಯೋ ಮುಚ್ಚಿ ಮೊಬೈಲ್ ಅಂಗಡಿ ತೆರೆದಾಗ ಒಂದು ಹಳೆಯ ಕ್ಯಾಮೆರಾ ತಂಗಿಗೆ ಕೊಟ್ಟ. ಆಮೇಲೆ ಅವಳನ್ನು ಗಜೇಂದ್ರಗಡದ ನೇಕಾರರ ಮನೆಗೆ ಕೊಟ್ಟರು. ಗಂಡ ಸರಕಿನ ಗಾಡಿ ಓಡಿಸುತ್ತಾನೆ, ಮನೆಯಲ್ಲಿರುವುದೇ ಅಪರೂಪ. ಮಾವ ಸಂಗಪ್ಪ ಮಗ್ಗದಲ್ಲಿ, ಅತ್ತೆ ನೀಲವ್ವ ನೂಲು ಸುತ್ತುವ ರಾಟೆಯಲ್ಲಿ. ಕಸ್ತೂರಿ ಅಡಿಗೆ, ನೀರು, ನೂಲು ಎಲ್ಲ ಮಾಡಿ ಉಳಿದ ಹೊತ್ತಿನಲ್ಲಿ ಫೋಟೋ ತೆಗೆಯುತ್ತಿದ್ದಳು. ತಿಂಗಳಿಗೊಮ್ಮೆ ಪ್ರಿಂಟ್ ಹಾಕಿಸಲು ನನ್ನ ಅಂಗಡಿಗೆ ಬರುತ್ತಿದ್ದಳು. ಅವಳು ಬಂದ ದಿನ ನನ್ನ ಮಶಿನ್ನಿಗೆ ಮರ್ಯಾದೆ ಬಂದಂತಾಗುತ್ತಿತ್ತು.

ಆ ವರ್ಷ ಅವಳಿಗೊಂದು ಕೆಲಸ ಕೂಡಿಬಂದಿತ್ತು. ಗಜೇಂದ್ರಗಡದ ಒಬ್ಬ ಮದುವೆ ಫೋಟೋಗ್ರಾಫರ್, ಹೆಣ್ಣಿನ ಕಡೆಯ ಅರಿಷಿಣ, ಬಳೆ ಶಾಸ್ತ್ರಕ್ಕೆಲ್ಲ ಹೆಣ್ಣುಮಗಳೇ ಇದ್ದರೆ ಜನ ಇಷ್ಟಪಡುತ್ತಾರೆಂದು ಇವಳನ್ನು ಕೇಳಿದ್ದ. ಕಸ್ತೂರಿ ಆಸೆಯಿಂದ ಕುಣಿದಾಡಿದಳು. ಮನೆಯಲ್ಲಿ ಹೇಳಿದಾಗ ಗಂಡ, ಅಪ್ಪ ಹೇಳಿದ ಹಾಗೆ ಎಂದು ಗಾಡಿ ಹತ್ತಿ ಹೋದ. ಮಾವ ಮಗ್ಗ ನಿಲ್ಲಿಸಿ ಯೋಚಿಸಿ ಹೇಳಿದ ಮಾತನ್ನು ಅವಳು ನನಗೆ ಹಾಗೇ ಒಪ್ಪಿಸಿದಳು.

“ಮಂದಿ ಮದವಿ ಮನ್ಯಾಗ ನಮ್ಮ ಸೊಸಿ ಕ್ಯಾಮೆರಾ ಹಿಡಕೊಂಡು ಓಡ್ಯಾಡೂದು ನನಗ ಸರಿ ಕಾಣಂಗಿಲ್ಲವಾ. ಆದ್ರ ನಿನ್ನ ಕೈಯಾಗಿನ ಕೆಲಸ ಎಂಥಾದ್ದು ಅಂತ ನನಗ ತಿಳಿಯಂಗಿಲ್ಲ. ತಿಳದವರು ನೋಡಲಿ. ಅವರು ಚಲೋ ಐತಿ ಅಂತ ಗ್ವಾಡಿಗೆ ಹಾಕಿದ್ರ ನಾ ಅಡ್ಡ ಬರಂಗಿಲ್ಲ, ನೀ ಹೋಗು. ಹಾಕಲಿಲ್ಲಂದ್ರ ಕ್ಯಾಮೆರಾ ನಿಮ್ಮಣ್ಣಗ ಕೊಟ್ಟು ಬಿಡಬೇಕು. ಆಮ್ಯಾಲೆ ಮನ್ಯಾಗ ಆ ಮಾತು ಬ್ಯಾಡ.”

ಈ ಮಾತು ಕೇಳಿ ನನಗೆ ಮೊದಲು ಮೈ ಉರಿಯಿತು. ಆದರೆ ಕಸ್ತೂರಿಗೆ ಸಿಟ್ಟಿರಲಿಲ್ಲ. “ಹಂಗಲ್ಲ ವಿಜಕ್ಕಾ, ಅವರು ಜಲ್ಮಪೂರ್ತಿ ತಾವು ನೇಯ್ದದ್ದನ್ನ ಮತ್ತೊಬ್ಬರ ಮುಂದ ಹರವಿ, ಅವರು ಏನಂತಾರ ಅಂತ ನಿಂತವರು. ತಿಳದವರ ಮಾತು ಅಂದ್ರ ಅವರಿಗೆ ದೊಡ್ಡದು. ನನಗೂ ಅದೇ ನ್ಯಾಯ ಹಚ್ಯಾರ, ಅಷ್ಟ” ಅಂದಳು. ಸಂಗಪ್ಪ ಮಾತಿನ ಮನುಷ್ಯ ಎನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ.

ಅವಳು ಕೊಟ್ಟ ಫೋಟೋ ಅತ್ತೆಯದು. ಕರೆಂಟು ಹೋದ ಮಧ್ಯಾಹ್ನ, ಬಾಗಿಲಿಂದ ಬಂದ ಬಿಸಿಲು ರಾಟೆಯ ಅರ್ಧಕ್ಕೆ ನಿಂತಿದೆ. ನೀಲವ್ವ ಒಂದು ಕೈಯಲ್ಲಿ ರಾಟೆ ಹಿಡಿದು, ತುಂಡಾದ ಎಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಣ್ಣು ಕೆಕ್ಕರಿಸಿ ನೇರ ಕ್ಯಾಮೆರಾ ನೋಡುತ್ತಿದ್ದಾಳೆ. ಬೈಗುಳ ಬಾಯಿ ತನಕ ಬಂದಿದೆ, ಎಳೆ ಹಲ್ಲಿನಲ್ಲಿರುವುದರಿಂದ ಹೊರಬೀಳಲು ಆಗುತ್ತಿಲ್ಲ. ಮರುಗಳಿಗೆಯಲ್ಲಿ ಎಳೆ ಬಿಟ್ಟು, “ಮತ್ತ ಆ ಡಬ್ಬಿ ಹಿಡಕೊಂಡು ನಿಂತ್ಯಾ, ಒಲಿ ಮ್ಯಾಲ ಹಾಲು ಯಾರು ನೋಡಬೇಕು?” ಎಂದು ಬೈದಳಂತೆ. ಅಂಗಡಿಯಲ್ಲಿ ಆ ಪ್ರಿಂಟ್ ಹೊರಬಂದಾಗ ನಾನು ಜೋರಾಗಿ ನಕ್ಕೆ, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಆ ಮುಖದಲ್ಲಿ ಸಿಟ್ಟೂ ಇತ್ತು, ಸಲಿಗೆಯೂ ಇತ್ತು, ಆ ಮನೆಯೇ ಇತ್ತು. ನಾನು ಅಷ್ಟು ವರ್ಷ ಅಚ್ಚುಹಾಕಿದ ಸಾವಿರಾರು ಮುಖಗಳಲ್ಲಿ ಒಂದೂ ಹಾಗೆ ನನ್ನನ್ನು ನೋಡಿರಲಿಲ್ಲ.

ಆರಿಸುವ ಕೆಲಸ ಒಂದು ಭಾನುವಾರ ಅದೇ ಕಾರ್ಯಾಲಯದಲ್ಲಿ ನಡೆಯಿತು. ಎಲ್ಲ ಫೋಟೋಗಳ ಸಣ್ಣ ಪ್ರಿಂಟು ನಾನೇ ಹಾಕಿಕೊಟ್ಟಿದ್ದೆ. ಊಟದ ಹಾಲಿನ ಉದ್ದನೆಯ ಟೇಬಲ್ ಮೇಲೆ ಅವನ್ನು ಹರಡಿದ್ದರು. ಮುಖ್ಯ ತೀರ್ಪುಗಾರರು ಧಾರವಾಡದ ದೇಸಾಯಿ ಸರ್. ಫೋಟೋಗ್ರಫಿಯಲ್ಲಿ ದೊಡ್ಡ ಹೆಸರು, ಬಿಳಿ ಕೂದಲು, ಮೆತ್ತಗಿನ ಮಾತು. ಅವರ ಜೊತೆ ಇನ್ನಿಬ್ಬರು ಇದ್ದರು. ಒಬ್ಬರು ನಿವೃತ್ತ ಡ್ರಾಯಿಂಗ್ ಮಾಸ್ತರರು, ಫ್ಯಾನಿನ ಕೆಳಗೆ ಕುಳಿತವರು ಅಲ್ಲೇ ತೂಕಡಿಸತೊಡಗಿದರು. ಇನ್ನೊಬ್ಬರು ಉಪನ್ಯಾಸಕಿ, ಫೋನಿನಿಂದ ತಲೆ ಎತ್ತಲಿಲ್ಲ. ಹಾಗಾಗಿ ದೇಸಾಯಿ ಸರ್ ಹೇಳಿದ್ದೇ ತೀರ್ಪು. ಅವರು ಒಂದೊಂದೇ ಫೋಟೋ ಎತ್ತಿ ನೋಡಿ ಒಂದು ಮಾತು ಹೇಳುವುದು, ಮಹೇಶ ಅದನ್ನು ಇಸಿದುಕೊಂಡು ಟೇಬಲ್ಲಿನ ಕೆಳಗಿದ್ದ ಎರಡು ರಟ್ಟಿನ ಡಬ್ಬಗಳಲ್ಲಿ ಒಂದಕ್ಕೆ ಹಾಕುವುದು. ಹೀಗೆ ನಡೆದಿತ್ತು.

ದೇಸಾಯಿ ಸರ್ ತಮ್ಮ ಜನ್ಮದಲ್ಲಿ ಯಾರಿಗಾದರೂ ಬೇಡ ಎಂದಿರಲಿಕ್ಕಿಲ್ಲ. ಅಷ್ಟು ಸಭ್ಯರು. ಫೋಟೋ ಮನಸ್ಸಿಗೆ ಬರದಿದ್ದರೆ, ಊಟಕ್ಕೆ ಕೂತವರು ಮತ್ತೊಂದು ಚಪಾತಿ ಬಡಿಸಲು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳುತ್ತಾರಲ್ಲ, ಹಾಗೆ, “ಇರ್ಲಿ, ಇರ್ಲಿ ಬಿಡ್ರಿ” ಅನ್ನುತ್ತಿದ್ದರು. ಅಧ್ಯಕ್ಷರ ಅಳಿಯ ಡ್ರೋನ್ ಹಾರಿಸಿ ತೆಗೆದ ನರಗುಂದದ ಗುಡ್ಡದ ಫೋಟೋ ಬಂತು. ಆಕಾಶವನ್ನು ಅವನು ಕಂಪ್ಯೂಟರಿನಲ್ಲಿ ನೇರಳೆ ಮಾಡಿದ್ದ. ಸರ್ ಅದನ್ನು ತುಸು ದೂರ ಹಿಡಿದು ನೋಡಿ, “ಇರ್ಲಿ” ಅಂದರು. ಮುಂದೆ ನೀಲವ್ವನ ಫೋಟೋ. ಅದನ್ನು ಎತ್ತಿದವರು ಕೆಳಗಿಡಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು.

“ಇದನ್ನ ತಗದಿಡ್ರಿ” ಅಂದರು. “ಎಲ್ಲಾಕಿಂತ ಮೊದಲ ಇದನ್ನ ತಗದಿಡ್ರಿ.”

ನನಗೆ ಎದೆ ಹಗುರಾಯಿತು. ಅಂಗಡಿಯಲ್ಲಿ ಯಾರದೋ ಶ್ರದ್ಧಾಂಜಲಿಯ ಫ್ಲೆಕ್ಸ್ ತುರ್ತಾಗಿ ಕೊಡುವುದಿತ್ತು. ಹೋಗುತ್ತ ದಾರಿಯಲ್ಲೇ ಕಸ್ತೂರಿಗೆ ಫೋನ್ ಹಚ್ಚಿದೆ.

“ಕಸ್ತೂರಿ, ನಿನ್ನ ಫೋಟೋ ತಗದಿಟ್ರು ನೋಡವಾ!”

ಆ ಕಡೆ ಮಗ್ಗದ ಸಪ್ಪಳ ಕೇಳುತ್ತಿತ್ತು. ಅದರ ನಡುವೆ ಅವಳು ಸಣ್ಣ ದನಿಯಲ್ಲಿ, “ಹೋಗ್ಲಿ ಬಿಡ್ರಿ ಅಕ್ಕಾ. ನೀವರ ಏನ್ ಮಾಡೀರಿ” ಅಂದಳು.

“ಏ ಹುಚ್ಚಿ, ತಗದಿಟ್ರು ಅಂದ್ರ ಆರಿಸಿ ಇಟ್ಟಾರ! ಮೊದಲ ನಂಬರ ನಿಂದು.”

“ಅಯ್ಯ, ಹಂಗೇನ್ರಿ!” ಅಂದವಳೇ ನಗಲು ಶುರುಮಾಡಿದಳು. “ನಮ್ಮ ಕಡೆ ತಗದಿಡೂದಂದ್ರ ಬ್ಯಾರೆ ರೀ. ನೇಯ್ದ ಸೀರಿ ಒಯ್ದಾಗ ಸಾವಕಾರ್ರು ಬೆಳಕಿಗೆ ಹಿಡದು ನೋಡತಾರಲ್ಲ, ಚಲೋ ಇದ್ರ ಇದು ಇರ್ಲಿ ಅಂತಾರ. ಎಳಿ ತಪ್ಪಿದ್ರ, ಇದನ್ನ ತಗದಿಡು ಅಂತಾರ. ಆ ಮಾತು ಕೇಳಿದ್ರ ನಮ್ಮ ಮಾವ ಎರಡು ದಿವಸ ಊಟಾ ಮಾಡಂಗಿಲ್ಲ.”

ನಮ್ಮ ರೋಣದ ಹೆಂಗಸರು ಅರಿವೆ ಅಂಗಡಿಗೆ ಹೋಗಿ, ಈ ಸೀರಿ ತಗದಿಡ್ರಿ, ಸಂಜಿಕೆ ಬಂದು ಒಯ್ತೀನಿ ಎಂದು ಹೇಳಿ ಬರುತ್ತೇವೆ. ತಡವಾಗಿ ಬರುವ ಗಂಡನಿಗೆ ಪಲ್ಯ ತಗದಿಡುತ್ತೇವೆ. ಅದೇ ಮಾತು ಒಂದು ಬಸ್ಸಿನ ದಾರಿಯಾಚೆ ತಲೆಕೆಳಗಾಗಿ ನಿಂತಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಮಾವನಿಗೆ ಸುದ್ದಿ ಹೇಳಿದಳಂತೆ. ಅವರು ಮಗ್ಗದಿಂದ ಎದ್ದು ಬಂದು, “ನೋಡಾಕ ಯಾವತ್ತ ಹೋಗಬೇಕು?” ಎಂದಷ್ಟೇ ಕೇಳಿದರಂತೆ. ನೀಲವ್ವ ಮಾತ್ರ, ನನ್ನ ಆ ಕೆಟ್ಟ ಮಾರಿ ಮಂದಿ ಮುಂದ ಹಾಕತಾರಾ ಎಂದು ಗೊಣಗುತ್ತ ಓಣಿಗೆಲ್ಲ ಹೇಳಿ ಬಂದಳಂತೆ. ಕಸ್ತೂರಿ ಮದುವೆಯ ಫೋಟೋಗ್ರಾಫರನಿಗೆ ಯುಗಾದಿ ಮುಗಿದ ಮೇಲೆ ಬರುತ್ತೇನೆಂದು ಹೇಳಿಬಿಟ್ಟಳು.

ದೊಡ್ಡ ಪ್ರಿಂಟುಗಳನ್ನು ನನಗೆ ಹಾಕಲು ಕೊಡಲಿಲ್ಲ. ಅಧ್ಯಕ್ಷರ ಗುರುತಿನವರದು ಹುಬ್ಬಳ್ಳಿಯಲ್ಲೊಂದು ಲ್ಯಾಬ್ ಇತ್ತು, ಅಲ್ಲಿಂದಲೇ ಫ್ರೇಮ್ ಸಮೇತ ಮಾಡಿಸಿ ತರುತ್ತೇವೆಂದರು. ಫ್ಲೆಕ್ಸ್ ಅಂಗಡಿಯವಳ ಕೈಲಿ ಕಲೆ ಬೇಡವೆಂದು ಅರ್ಥ. ಮುನಿಸಿಕೊಂಡು ನಾನೂ ಆ ಕಡೆ ತಲೆ ಹಾಕಲಿಲ್ಲ. ಹೊರಗಿನ ಸ್ವಾಗತದ ಬ್ಯಾನರ್ ಮಾತ್ರ ನನಗೆ ಬಂತು. ಅದರಲ್ಲಿ ಅಧ್ಯಕ್ಷರನ್ನು ಎಂದಿನಂತೆ ಬೆಳ್ಳಗೆ ಮಾಡಿಕೊಟ್ಟೆ.

ಯುಗಾದಿಯ ಮರುವಾರ ಉದ್ಘಾಟನೆ. ಬೆಳಿಗ್ಗೆಯೇ ಬಿಸಿಗಾಳಿ ಎದ್ದಿತ್ತು. ಕಾರ್ಯಾಲಯದಲ್ಲಿ ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ, ಅದರ ಜೊತೆ ಮಲ್ಲಿಗೆಯೂ ಉಪ್ಪಿಟ್ಟಿನ ಒಗ್ಗರಣೆಯೂ ಸೇರಿಕೊಂಡಿದ್ದವು. ಗಜೇಂದ್ರಗಡದ ಬಸ್ಸಿನಿಂದ ಮೂವರೂ ಇಳಿದು ಬಂದರು. ಸಂಗಪ್ಪ ಗರಿಗರಿ ಧೋತರ ಉಟ್ಟು ಟೊಪ್ಪಿಗೆ ಹಾಕಿಕೊಂಡಿದ್ದರು. ನೀಲವ್ವ ಗಂಡನೇ ನೇಯ್ದ ಸೀರೆ ಉಟ್ಟಿದ್ದಳು. ಕಸ್ತೂರಿಯ ಮುಖದಲ್ಲಿ ಹಬ್ಬ ಇನ್ನೂ ಮುಗಿದಿರಲಿಲ್ಲ. ದೀಪ ಹಚ್ಚಿದ ಮೇಲೆ ಜನರನ್ನು ಫೋಟೋ ನೋಡಲು ಬಿಟ್ಟರು. ಮುಖ್ಯ ಗೋಡೆಯ ನಟ್ಟನಡುವೆ ನೇರಳೆ ಆಕಾಶದ ನರಗುಂದ ಗುಡ್ಡ, ಬಂಗಾರದ ಬಣ್ಣದ ಫ್ರೇಮಿನಲ್ಲಿ.

ಅವರು ಒಂದು ಸುತ್ತು ಬಂದರು. ಗುಲಾಬಿ ಹೂವಿನ ಮೇಲಿನ ನೀರಹನಿ, ಸೂರ್ಯಾಸ್ತ, ಕೋಟೆಯ ಮುಂದೆ ಗಾಗಲ್ ಹಾಕಿ ನಿಂತ ಗೆಳೆಯರ ಗುಂಪು. ನೀಲವ್ವ ಪ್ರತಿ ಫ್ರೇಮಿನ ಹತ್ತಿರವೂ ಬಗ್ಗಿ ನೋಡಿ ಮುಂದೆ ಹೋಗುತ್ತಿದ್ದಳು. ಕಡೆಯ ಗೋಡೆ ಮುಗಿದ ಮೇಲೆ, ಎಲ್ಲೋ ತಪ್ಪಿಸಿಕೊಂಡಿರಬೇಕೆಂದು ಮತ್ತೆ ಮೊದಲಿನಿಂದ ಶುರುಮಾಡಿದಳು. ಕಿಟಕಿಯ ಪರದೆಯನ್ನೂ ಸರಿಸಿ ನೋಡಿದಳು. ತನ್ನ ಮುಖವನ್ನು ತಾನೇ ಹುಡುಕಿಕೊಂಡು ಅಷ್ಟು ಮಂದಿಯ ನಡುವೆ ಓಡಾಡುತ್ತಿದ್ದ ಆ ಹೆಂಗಸನ್ನು ನೋಡಲು ನನ್ನಿಂದ ಆಗಲಿಲ್ಲ. ನಾನು ಅವರ ಕಡೆ ಹೋಗುವಷ್ಟರಲ್ಲಿ ಸಂಗಪ್ಪ ಮಹೇಶನನ್ನು ಕಂಡರು. ಅವರು ನೇಯುತ್ತಿದ್ದುದು ಮಹೇಶನ ಅಂಗಡಿಗೇ. ಕೈಮುಗಿದು ಕೇಳಿದರು.

“ಸಾವಕಾರ್ರ, ನಮ್ಮ ಸೊಸಿದು ಎಲ್ಲೈತ್ರಿ?”

ಮಹೇಶ ಬಲು ಪ್ರೀತಿಯಿಂದ ಅವರ ಹೆಗಲ ಮೇಲೆ ಕೈಯಿಟ್ಟ. “ಅದನ್ನ ತಗದಿಟ್ರು ಕಾಕಾ. ಬೇಜಾರ ಮಾಡ್ಕೋಬ್ಯಾಡ್ರಿ.”

ಸಂಗಪ್ಪ ಯಾಕೆ ಎಂದು ಕೇಳಲಿಲ್ಲ. ಆ ಮಾತಿಗೆ ಯಾಕೆ ಎಂದು ಕೇಳಿ ಅವರಿಗೆ ರೂಢಿಯೇ ಇರಲಿಲ್ಲ. ಆಗಲಿ ಎನ್ನುವ ಹಾಗೆ ತಲೆ ತಗ್ಗಿಸಿ, ಟೊಪ್ಪಿಗೆ ಸರಿಮಾಡಿಕೊಂಡು ಹೆಂಡತಿಯನ್ನು ಕರೆದುಕೊಂಡು ಬಾಗಿಲ ಕಡೆ ನಡೆದರು. ಕಸ್ತೂರಿ ನನ್ನ ಕಡೆ ಒಂದು ಸಲ ನೋಡಿ ಅವರ ಹಿಂದೆ ಹೋದಳು. ಮೂವರೂ ಉಪ್ಪಿಟ್ಟು ಕೂಡ ತಿನ್ನಲಿಲ್ಲ.

ಆಗ ನನಗೆ ಹೊಳೆಯಿತು. ಮಹೇಶನನ್ನು ಪಕ್ಕಕ್ಕೆ ಎಳೆದುಕೊಂಡು ಹೋದೆ. “ದೇಸಾಯಿ ಸರ್ ತಗದಿಡ್ರಿ ಅಂದಿದ್ದನ್ನ ಯಾವ ಡಬ್ಬಿಗೆ ಹಾಕಿದ್ರಿ?”

“ಬ್ಯಾಡಾದ ಡಬ್ಬಿಗೆ. ಮತ್ತೆಲ್ಲಿ ಹಾಕೂದು?”

“ಇರ್ಲಿ ಅಂದದ್ದು?”

“ಅದ ಇಲ್ಲಿ ಇರೂದು” ಎಂದು ಹೆಮ್ಮೆಯಿಂದ ಗೋಡೆ ತೋರಿಸಿದ.

ಸೀರೆ ಅಂಗಡಿಯ ನ್ಯಾಯದಿಂದ ಅವನು ಇಡೀ ಪ್ರದರ್ಶನವನ್ನು ಆರಿಸಿದ್ದ. ದೇಸಾಯಿ ಸರ್ ಮೆಚ್ಚಿದ್ದೆಲ್ಲ ಉಗ್ರಾಣದಲ್ಲಿ ಡಬ್ಬದೊಳಗಿತ್ತು. ಸಭ್ಯತೆಗೆಂದು ಬೇಡ ಅನ್ನದೆ ಬಿಟ್ಟದ್ದೆಲ್ಲ ಫ್ರೇಮ್ ಹಾಕಿಸಿಕೊಂಡು ಗೋಡೆ ಹತ್ತಿತ್ತು. ನಾನು ಬಿಡಿಸಿ ಹೇಳಿದಾಗ ಮಹೇಶನ ಮುಖ ಬಿಳಿಚಿಕೊಂಡಿತು. ಅದು ಪ್ರಾಮಾಣಿಕವಾದ ತಪ್ಪು. ಅಲ್ಲಿಯತನಕ ನನಗೆ ಅವನ ಮೇಲೆ ಸಿಟ್ಟಿರಲಿಲ್ಲ. ಆದರೆ ಮರುಕ್ಷಣ ಅವನು ಅತ್ತಿತ್ತ ನೋಡಿ, “ಜೋರಲೆ ಮಾತಾಡಬ್ಯಾಡ್ರಿ ಅಕ್ಕಾ” ಅಂದ. ಸಿಟ್ಟು ಶುರುವಾದದ್ದು ಅಲ್ಲಿಂದ.

ಅಷ್ಟರಲ್ಲಿ ದೇಸಾಯಿ ಸರ್ ಬಂದರು. ಅವರ ಗಾಡಿ ಗದಗಿನ ದಾರಿಯಲ್ಲಿ ಕೆಟ್ಟು ತಡವಾಗಿತ್ತಂತೆ. ನಾನು ಅವರ ಮುಖವನ್ನೇ ನೋಡುತ್ತ ನಿಂತೆ. ಮೊದಲ ಗೋಡೆಯ ಹತ್ತಿರ ನಿಂತರು, ಎರಡನೆಯದರ ಹತ್ತಿರ ನಡಿಗೆ ನಿಧಾನವಾಯಿತು, ನೇರಳೆ ಆಕಾಶದ ಮುಂದೆ ಕನ್ನಡಕ ತೆಗೆದು ಒರೆಸಿದರು. ಅವರಿಗೆ ತಿಳಿಯಿತು. ತಿಳಿದದ್ದು ನನಗೂ ಕಂಡಿತು. ವೇದಿಕೆ ಹತ್ತಿ ನೀರು ಕುಡಿದು ಮೈಕಿನ ಮುಂದೆ ನಿಂತವರು, ಈ ಭಾಗದಲ್ಲಿ ಇಂಥ ಪ್ರತಿಭೆಯಿದೆಯೆಂದು ತಾವು ತಿಳಿದಿರಲಿಲ್ಲ, ಆಯ್ಕೆ ಬಹಳ ಕಷ್ಟವಾಯಿತು ಎಂದು ಮಾತಾಡಿದರು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರ ಅಳಿಯನಿಗೆ ದೇಸಾಯಿ ಸರ್ ಕೈಯಿಂದಲೇ ಶಾಲು ಹೊದಿಸಿದರು.

ಕೆಳಗಿಳಿದ ಮೇಲೆ ನಾನು ಅವರನ್ನು ಬಿಡಲಿಲ್ಲ. ಅಧ್ಯಕ್ಷರೂ ಮಹೇಶನೂ ಅಲ್ಲೇ ಇದ್ದರು.

“ಸರ್, ಇವು ನೀವು ಆರಿಸಿದ್ದು ಅಲ್ಲ.”

“ಹೌದು ತಂಗಿ, ಏನೋ ಹೆಚ್ಚುಕಡಿಮಿ ಆಗೇದ” ಅಂದರು, ಮೊದಲಿನಷ್ಟೇ ಮೆತ್ತಗೆ.

“ಹೇಳಬೇಕಿತ್ತಲ್ರಿ ಮತ್ತ.”

“ದೀಪಾ ಹಚ್ಚಿ ಆತಲ್ಲ. ಇಷ್ಟು ಮಂದಿ ಸಂತೋಷದಿಂದ ಬಂದಾರ. ಅವರ ಮನಸ್ಸು ಯಾಕ ನೋಯಿಸಬೇಕು?”

“ಎಲ್ಲಾ ಬ್ಯಾಡ್ರಿ. ಆ ಒಂದು ಫೋಟೋರ ಹಾಕಸ್ರಿ. ಡಬ್ಬಿ ಒಳಗಿನ ಸಣ್ಣ ಪ್ರಿಂಟ್ ಆದ್ರೂ ನಡೀತದ. ಆಕಿ ಜೀವನದ ಪ್ರಶ್ನಿ ಅದು.” ಮಾವ ಇಟ್ಟ ಕರಾರನ್ನು ಎಲ್ಲರೆದುರು ಬಿಡಿಸಿ ಹೇಳಿದೆ.

ಅಧ್ಯಕ್ಷರು ನಡುವೆ ಬಾಯಿ ಹಾಕಿದರು. “ಒಂದು ಹಾಕಿದ್ರ ಉಳಿದವರು ಸುಮ್ನಿರತಾರೇನ್ರಿ? ಎಲ್ಲಾ ಉಲ್ಟಾ ಆಗೇದಂತ ಊರ ತುಂಬ ಸುದ್ದಿ ಆಗತೈತಿ. ಬಳಗದ ಮಾನ ಹೋಗತೈತಿ. ಮುಂದಿನ ವರ್ಷ ಆಕಿದು ಖಂಡಿತ ತಗೊಳ್ಳೋಣು, ನಾ ಮಾತು ಕೊಡತೀನಿ.”

ನಾನು ದೇಸಾಯಿ ಸರ್ ಕಡೆ ತಿರುಗಿದೆ. “ಗ್ವಾಡಿಗೆ ಬ್ಯಾಡ ಬಿಡ್ರಿ. ಆ ಹಿರ್ಯಾರು ಇನ್ನೂ ಬಸ್ ಸ್ಟ್ಯಾಂಡಿನ್ಯಾಗ ಕುಂತಿರತಾರ. ನೀವು ಬಂದು ಒಂದು ಮಾತು ಹೇಳ್ರಿ ಸಾಕು. ಫೋಟೋ ಚಲೋ ಐತಿ ಅಂತ, ನಿಮ್ಮ ಬಾಯಿಲೆ.”

ಅವರು ಗಡಿಯಾರ ನೋಡಿಕೊಂಡರು. ಗದಗಿಗೆ ಹೋಗಿ ರೈಲು ಹಿಡಿಯಬೇಕಂತೆ. ಹೊರಡುವ ಮುಂಚೆ ನನ್ನ ಹತ್ತಿರ ಬಾಗಿ, ಬೇರೆಯವರಿಗೆ ಕೇಳಿಸದ ಹಾಗೆ, “ಆ ಹುಡಿಗಿಗೆ ಕಣ್ಣು ಅದ. ಬಿಡಬ್ಯಾಡ ಅಂತ ಹೇಳ್ರಿ” ಅಂದರು. ಆ ಮಾತನ್ನು ಮೈಕಿನಲ್ಲಿ ಹೇಳಲು ಅವರಿಗೆ ಏನು ಧಾಡಿಯಾಗಿತ್ತು! ಹೇಳಬೇಕಾದಲ್ಲಿ ನುಂಗಿಕೊಂಡು, ಹೇಳಿದರೆ ಯಾರಿಗೂ ಉಪಯೋಗವಿಲ್ಲದಲ್ಲಿ ಪಿಸುಗುಟ್ಟುವುದನ್ನು ನಾನು ಅವತ್ತಿನಿಂದ ಸಭ್ಯತೆ ಎಂದು ಕರೆಯುವುದನ್ನು ಬಿಟ್ಟಿದ್ದೇನೆ. ಸಿಟ್ಟಿನಲ್ಲಿ ನಾನು ಉಗ್ರಾಣಕ್ಕೆ ಹೋಗಿ ಡಬ್ಬ ತಡಕಾಡಿ ನೀಲವ್ವನ ಫೋಟೋ ತೆಗೆದುಕೊಂಡು ಬಂದೆ. ಯಾರೂ ತಡೆಯಲಿಲ್ಲ. ಬಸ್ ಸ್ಟ್ಯಾಂಡಿಗೆ ಓಡಿದಾಗ ಗಜೇಂದ್ರಗಡದ ಬಸ್ಸು ಹೋಗಿಯಾಗಿತ್ತು.

ಫೋನಿನಲ್ಲಿ ಕಸ್ತೂರಿ ಸಿಗಲಿಲ್ಲ. ಬಿಡುವು ಮಾಡಿಕೊಂಡು ನಾನೇ ಗಜೇಂದ್ರಗಡಕ್ಕೆ ಹೋದೆ. ಗುಡ್ಡದ ಬಂಡೆಗಳಿಂದ ಝಳ ಹೊಡೆಯುತ್ತಿತ್ತು. ಸಂಗಪ್ಪ ನನ್ನನ್ನು ಕಂಡು ಮಗ್ಗ ನಿಲ್ಲಿಸಿದರು, ಕೂರಿಸಿದರು, ನೀಲವ್ವ ಚಹಾ ತಂದಳು. ಕಸ್ತೂರಿ ನೀರಿಗೆ ಹೋಗಿದ್ದಳು. ನಾನು ನಡೆದದ್ದನ್ನೆಲ್ಲ ಬಿಡಿಸಿ ಹೇಳಿ ಫೋಟೋವನ್ನು ಅವರ ಕೈಗಿಟ್ಟೆ. ಅವರು ಅದನ್ನು ಅಭ್ಯಾಸಬಲದಿಂದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ನೀವು ಹೇಳೂದು ಖರೇ ಇರಬಹುದು ಅಕ್ಕಾರ” ಅಂದರು. “ಆದ್ರ ಸಾವಕಾರ್ರು ಹಂಗ ಹೇಳಲಿಲ್ಲ.”

“ಅವರದ ತಪ್ಪಾಗೇತ್ರಿ. ನೀವ ಒಂದು ಮಾತು ಅವರಿಗೆ ಕೇಳ್ರಿ.”

“ಅವರ ನೂಲು ಮಗ್ಗದಾಗ ಇಟಗೊಂಡು, ನೀವು ತಪ್ಪು ಮಾಡೀರಿ ಅಂತ ನಾ ಹ್ಯಾಂಗ ಕೇಳ್ಲಿ? ಅವರ ಬಂದು ಹೇಳಿದ್ರ ಬ್ಯಾರೆ ಮಾತು. ಮೊನ್ನಿ ಮನೀಗೆ ಬಂದಿದ್ರು. ಹೇಳಲಿಲ್ಲ.” ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಹೇಳಿದರು. “ಗ್ವಾಡಿ ಮ್ಯಾಲ ಬಂದ್ರ ಹೋಗು ಅಂದಿದ್ದೆ, ಬರಲಿಲ್ಲಂದ್ರ ಬಿಡು ಅಂದಿದ್ದೆ. ಮಾತು ಎರಡೂ ಕಡೀ ಕೊಟ್ಟೇನಿ. ಈಗ ಒಂದು ಕಡೀ ಮುರದ್ರ ನಾಳೆ ಈ ಮನ್ಯಾಗ ನನ್ನ ಮಾತಿಗೆ ಏನು ಬೆಲಿ ಐತಿ?”

ಮಹೇಶ ಆ ಮನೆಗೆ ಆ ವಾರದಲ್ಲೇ ನೂಲು ಕೊಡಲು ಬಂದಿದ್ದನಂತೆ. ಚಹಾ ಕುಡಿದು, ಬಿಸಿಲಿನ ಬಗ್ಗೆ ಮಾತಾಡಿ ಹೋದನಂತೆ. ಇದನ್ನು ನೀಲವ್ವ ಹೇಳಿದಾಗ ನನ್ನ ಬಾಯಿಗೆ ಬಂದ ಬೈಗುಳವನ್ನು ಆ ಮನೆಯ ಮರ್ಯಾದೆಗೆಂದು ನುಂಗಿಕೊಂಡೆ. ಕ್ಯಾಮೆರಾ ಆಗಲೇ ನರಗುಂದಕ್ಕೆ ಅಣ್ಣನ ಅಂಗಡಿಗೆ ಹೋಗಿತ್ತು. ಮದುವೆಯ ಫೋಟೋಗ್ರಾಫರ್ ಬೇರೆ ಹುಡುಗಿಯನ್ನು ನೋಡಿಕೊಂಡಿದ್ದ. ನಾನು ಎದ್ದೆ. ಸಂಗಪ್ಪ ಕೈಮುಗಿದರು, ಫೋಟೋವನ್ನು ಗೌರವದಿಂದಲೇ ನನಗೆ ವಾಪಸು ಕೊಟ್ಟರು. ಅವರನ್ನು ದ್ವೇಷಿಸಬೇಕೆಂದು ಎಷ್ಟು ಪ್ರಯತ್ನಪಟ್ಟರೂ ನನ್ನಿಂದ ಆಗಿಲ್ಲ. ನನ್ನ ಸಿಟ್ಟೆಲ್ಲ ಮಾತು ಉಳಿಸಿಕೊಳ್ಳುವವರ ಮೇಲೆ ಅಲ್ಲ, ಮಾತು ಆಡಬೇಕಾದಾಗ ಆಡದವರ ಮೇಲೆ.

ಅಷ್ಟರಲ್ಲಿ ನೀರು ಹೊತ್ತು ಬಂದ ಕಸ್ತೂರಿ ಕೊಡ ಇಳಿಸಿ ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಬಂದಳು. ಅವಳಿಗೆ ಸಮಾಧಾನವಾಗಲೆಂದು ದಾರಿಯಲ್ಲಿ ನಾನು ಡಬ್ಬಗಳು ಅದಲುಬದಲಾದದ್ದನ್ನೂ ದೇಸಾಯಿ ಸರ್ ಪಿಸುಗುಟ್ಟಿದ ಮಾತನ್ನೂ ಹೇಳಿದೆ. ಕಣ್ಣಿದೆ ಅಂದರು, ಬಿಡಬೇಡ ಅಂದರು, ಎಲ್ಲಕ್ಕಿಂತ ಮೊದಲು ನಿನ್ನದನ್ನೇ ಎತ್ತಿದರು ಎಂದೆ. ಅವಳು ತಟ್ಟನೆ ನಿಂತಳು. ಅವಳ ಮುಖದಲ್ಲಿ ಅಷ್ಟು ಸಿಟ್ಟನ್ನು ನಾನು ಎಂದೂ ನೋಡಿರಲಿಲ್ಲ. ಆ ಸಿಟ್ಟು ನನ್ನ ಮೇಲಿತ್ತು.

“ಯಾಕ ಹೇಳಿದ್ರಿ ಅಕ್ಕಾ ಇದನ್ನ? ಅವತ್ತಿನಿಂದ ನಾ, ಫೋಟೋ ಚಲೋ ಇರಲಿಲ್ಲ ಅಂತ ಮನಸಿಗೆ ಹೇಳಕೋತ ಹೇಳಕೋತ ಇವತ್ತಿಗೆ ಒಂದೀಟು ಸುಮ್ಮಾಗಿದ್ದೆ. ಚಲೋ ಇಲ್ಲದ್ದನ್ನ ಬಿಡಬಹುದ್ರಿ. ಚಲೋ ಇದ್ದದ್ದನ್ನ ಹ್ಯಾಂಗ ಬಿಡಬೇಕು, ಅದನ್ನ ಹೇಳ್ರಿ ಈಗ.”

ರೋಣದ ಬಸ್ಸು ಬಂದು ನಿಂತಿತು, ಕಂಡಕ್ಟರ್ ಕೂಗುತ್ತಿದ್ದ. ಹತ್ತಿ ಕಿಟಕಿಯ ಹತ್ತಿರ ಕುಳಿತು ನೋಡಿದರೆ ಅವಳು ಆಗಲೇ ಬೆನ್ನು ತಿರುಗಿಸಿ ಮನೆಯ ಕಡೆ ನಡೆಯುತ್ತಿದ್ದಳು.